ಸಾಹೇಬರು ಹೂಂ ಅಂದರು

ಸಾವಿರದ ಒಂಬೈನೂರ ತೊಂಬತ್ತೇಳನೆಯ ಇಸವಿ ಫೆಬ್ರುವರಿ ತಿಂಗಳಲ್ಲಿ ಮೈಸೂರು ನಗರದ ಮುಂದೆ ಬಂದು ನಿಂತ ಪ್ರಶ್ನೆ ಸಾಮಾನ್ಯದ್ದಲ್ಲ. ಮೇಟಗಳ್ಳಿಯಲ್ಲಿ ಕುಕ್ಕರ್ ಮುಚ್ಚಳದ ರಬ್ಬರ್ ಬಳೆ ಮಾಡುವ ಕಾರ್ಖಾನೆಯೊಂದಿತ್ತು. ಅದರ ನೌಕರರ ಬಸ್ಸು ಒಂಟಿಕೊಪ್ಪಲಿನಲ್ಲಿ ಅರಳಿಮರದ ಕೆಳಗೆ ನಿಲ್ಲಬೇಕೋ, ಅಲ್ಲಿಂದ ನಲವತ್ತು ಹೆಜ್ಜೆ ಮುಂದೆ ಹಿಟ್ಟಿನ ಮಿಲ್ಲಿನ ಎದುರು ನಿಲ್ಲಬೇಕೋ ಎಂಬುದೇ ಆ ಪ್ರಶ್ನೆ. ನಲವತ್ತು ಹೆಜ್ಜೆ ಏನು ಮಹಾ ಎನ್ನುವವರು ಬೆಳಗಿನ ಆರೂವರೆಗೆ ಯಾವತ್ತೂ ಬಸ್ಸು ಹಿಡಿದವರಲ್ಲ. ಅಣ್ಣತಮ್ಮಂದಿರ ಮನೆ ಪಾಲು, ಎರಡು ಊರುಗಳ ಕೆರೆ ನೀರಿನ ವ್ಯಾಜ್ಯ, ಇವೆಲ್ಲ ಇದಕ್ಕಿಂತ ಕಡಿಮೆ ಮಾತಿನಲ್ಲಿ ತೀರ್ಮಾನವಾಗಿದ್ದುಂಟು.

ತೀರ್ಮಾನ ಕೊಡಬೇಕಾದ ಕುರ್ಚಿಯಲ್ಲಿದ್ದವರು ಶಿವರುದ್ರಪ್ಪನವರು. ಆ ಕುರ್ಚಿಯಲ್ಲಿ ಕೂತು ಹದಿನೆಂಟು ದಿನವಾಗಿತ್ತು. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದರು. ಅಲ್ಲಿ ತೀರ್ಮಾನದ ಪ್ರಸಂಗವೇ ಇರಲಿಲ್ಲ. ಚೀಟಿ ತಂದವರಿಗೆ ಸಾಮಾನು ಕೊಡುವುದು, ತರದವರಿಗೆ ಚೀಟಿ ತರಲು ಹೇಳುವುದು. ಹಳೆಯ ಮ್ಯಾನೇಜರು ಹೊಸೂರಿನಲ್ಲಿ ಬೇರೆ ಕೆಲಸ ಹಿಡಿದು ಹೋದಾಗ ಪುಣೆಯ ಹೆಡ್ಡಾಫೀಸಿನವರು, ಆ ಜಾಗಕ್ಕೆ ಯಾರನ್ನು ಹಾಕಬಹುದು ಎಂದು ಎಲ್ಲರನ್ನೂ ಗುಟ್ಟಾಗಿ ವಿಚಾರಿಸಿದರು. ಪ್ರೊಡಕ್ಷನ್ನಿನವರು ಕ್ವಾಲಿಟಿಯವರ ಮೇಲೆ ದೂರಿದರು, ಕ್ವಾಲಿಟಿಯವರು ಪ್ರೊಡಕ್ಷನ್ನಿನವರ ಮೇಲೆ ದೂರಿದರು. ಶಿವರುದ್ರಪ್ಪನವರ ಮೇಲೆ ಯಾರೂ ಏನೂ ಹೇಳಲಿಲ್ಲ. ಅಂಥವರೊಬ್ಬರು ಇದ್ದಾರೆಂಬುದು ಆ ಹೊತ್ತಿಗೆ ಅನೇಕರಿಗೆ ನೆನಪಾಗಲಿಲ್ಲ. ಹೀಗೆ ಅಜಾತಶತ್ರು ಎಂದು ಸಾಬೀತಾಗಿ ಅವರು ಮ್ಯಾನೇಜರಾದರು.

ಪೂರ್ತಿ ಆಗಲಿಲ್ಲ. ಬಾಗಿಲಿಗೆ ಬಂದ ಹೊಸ ಫಲಕದಲ್ಲಿ 'ಮ್ಯಾನೇಜರ್ (ಪ್ರಭಾರ)' ಎಂದಿತ್ತು. ಮೂರು ತಿಂಗಳು ಈ ಕಂಸದೊಳಗಿನ ಸೆರೆವಾಸ. ಮೇ ತಿಂಗಳಲ್ಲಿ ಪುಣೆಯಿಂದ ಡೈರೆಕ್ಟರು ಬಂದು ನೋಡಿ, ಮೆಚ್ಚಿದರೆ ಕಂಸ ತೆಗೆಯುತ್ತಾರೆ. ಮೆಚ್ಚದಿದ್ದರೆ ಶಿವರುದ್ರಪ್ಪನವರು ಸ್ಟೋರ್ಸಿಗೆ ವಾಪಸ್ಸು. ವಾಪಸ್ಸು ಹೋಗುವುದು ದೊಡ್ಡ ಮಾತಲ್ಲ. ಅಲ್ಲಿ ಅವರ ಕುರ್ಚಿಯಲ್ಲಿ ಚೆಲುವರಾಜು ಕೂತಿದ್ದ, ಅದು ದೊಡ್ಡ ಮಾತು. ಎಂಟು ವರ್ಷ ಅವರ ಕೈಕೆಳಗೆ "ಲೋ ಚೆಲುವ, ಎರಡು ಟೀ ಹೇಳೋ" ಎನ್ನಿಸಿಕೊಂಡಿದ್ದವನು. ಅವನ ಆರ್ಡರು ಬೇರೆ ಫೈಲಿನಲ್ಲಿ ಬಂದಿದ್ದರಿಂದ ಅದರಲ್ಲಿ ಕಂಸ ಹಾಕುವುದನ್ನು ಯಾರೋ ಮರೆತಿದ್ದರು. ಮೇ ತಿಂಗಳಲ್ಲಿ ತಲೆಕೆಳಗಾದರೆ ಟೀ ಹೇಳಬೇಕಾದವರು ಯಾರು ಎಂಬುದು ಇಬ್ಬರಿಗೂ ಗೊತ್ತಿತ್ತು. ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ಚೆಲುವರಾಜು, "ನಮಸ್ಕಾರ ಸಾರ್, ಟೀ ಆಯ್ತಾ?" ಎಂದು ಬಹಳ ವಿನಯದಿಂದ ಕೇಳುತ್ತಿದ್ದ.

ಹೊಸ ಮ್ಯಾನೇಜರಿಗೆ ಬುದ್ಧಿ ಬರಲೆಂದು ಪುಣೆಯವರು ಒಂದು ದಿನದ ತರಬೇತಿಗೆ ಏರ್ಪಾಡು ಮಾಡಿದ್ದರು. ಮೈಸೂರಿನದೇ ಒಂದು ಹೋಟೆಲಿನ ಮಹಡಿಯಲ್ಲಿ, ಬೆಂಗಳೂರಿನಿಂದ ಟೈ ಕಟ್ಟಿಕೊಂಡು ಬಂದವರೊಬ್ಬರು, ನಾಯಕನಾದವನು ಒಳ್ಳೆಯ ತೀರ್ಮಾನ ಮಾಡುವುದು ಹೇಗೆಂದು ಹೇಳಿಕೊಟ್ಟರು. "ಎಲ್ಲರ ಮಾತೂ ಕೇಳಿಸಿಕೊಳ್ಳಿ. ಕೇಳಿಸಿಕೊಳ್ತಾ ಇದೀರಿ ಅಂತ ಅವರಿಗೆ ಗೊತ್ತಾಗಲಿ. ಕೇಳಿಸಿಕೊಳ್ಳೋದೇ ಅರ್ಧ ತೀರ್ಮಾನ." ಉಳಿದರ್ಧ ಏನೆಂಬುದನ್ನು ಊಟವಾದ ಮೇಲೆ ಹೇಳಿದರು. ಊಟಕ್ಕೆ ಎರಡು ಬಗೆಯ ಪಾಯಸವಿತ್ತು. ಶಿವರುದ್ರಪ್ಪನವರು ಉಳಿದರ್ಧವನ್ನು ಕಣ್ಣು ಮುಚ್ಚಿಕೊಂಡು ಕೇಳಿದರು.

ಮೊದಲರ್ಧದಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವ ಕೆಲಸ ಮನೆಯಲ್ಲಿ ಇವರದು. ಹೂಂಗುಟ್ಟುವವರಿಲ್ಲದೆ ಕಥೆ ಮುಂದೆ ಸಾಗುವುದಿಲ್ಲವೆಂಬುದು ತಿಳಿದ ವಿಚಾರ. ಮಿಕ್ಕ ಮಕ್ಕಳು ನಡುವೆ ನಿದ್ದೆ ಹೋಗುತ್ತಿದ್ದರು. ಶಿವರುದ್ರಪ್ಪ ನಿದ್ದೆಯಲ್ಲೂ ಸರಿಯಾದ ಜಾಗಕ್ಕೆ ಹೂಂ ಹಾಕುತ್ತಿದ್ದರು. ಆ ಅಭ್ಯಾಸ ಐವತ್ತೊಂದನೆಯ ವಯಸ್ಸಿಗೆ ಹೀಗೆ ಒದಗಿಬಂತು. ತರಬೇತಿಯ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಕುರ್ಚಿಯ ಹಿಂದೆ, ಬಂದವರಿಗೆ ತಮ್ಮ ತಲೆಯ ಮೇಲೆ ಕಿರೀಟದಂತೆ ಕಾಣುವ ಎತ್ತರದಲ್ಲಿ ತೂಗು ಹಾಕಿಸಿದರು.

ಮಾರನೆಯ ದಿನ ಮೋಲ್ಡಿಂಗಿನ ನಂಜುಂಡಸ್ವಾಮಿ ಒಳಗೆ ಬಂದ.

"ಸಾ, ಅರಳಿಮರದ ಕೆಳಗೆ ನಿಲ್ಲಕ್ಕಾಗಕಿಲ್ಲ ಕಣ್ಸಾ. ಆ ಮರದ್ ತುಂಬ ಕಾಗೆ."

"ಹೂಂ."

"ಈ ತಿಂಗ್ಳಲ್ಲಿ ನಾಕು ಶರ್ಟು ಓಯ್ತು. ನಮ್ಮೆಂಗುಸ್ರು ಕೇಳ್ತವಳೆ, ಕಾಗೆಗೆಲ್ಲ ನೀನೇ ಯಾಕೆ ಸಿಗ್ತೀಯ ಅಂತ."

"ಹೂಂ."

"ಅದ್ಕೆ ಮಿಲ್ ತಾವ ನಿಲ್ಸುದ್ರೆ ಒಳ್ಳೇದು ಸಾ."

"ಹೂಂ," ಎಂದರು ಶಿವರುದ್ರಪ್ಪನವರು. ಕೇಳಿಸಿಕೊಂಡೆ, ಮುಂದೆ ಹೇಳು ಎಂಬುದು ಅವರ ಅರ್ಥ. ಮುಂದೆ ಹೇಳುವುದೇನೂ ಇರಲಿಲ್ಲವಾದ್ದರಿಂದ ನಂಜುಂಡಸ್ವಾಮಿ ಕೈಮುಗಿದು ಹೊರಟ.

ಮಧ್ಯಾಹ್ನ ಪ್ಯಾಕಿಂಗಿನ ಪುಟ್ಟತಾಯಮ್ಮ ಬಂದಳು. "ಮಿಲ್ ತಾವ ನಿಲ್ಸ್ತಾರಂತೆ ಅಂದ್ರು ಸಾ. ಅಲ್ಲಿ ಹಿಟ್ಟು ಆರ್ತದೆ. ಮನೇಲಿ ತಲೆ ಬಾಚಿ ಹೂ ಮುಡ್ಕಂಡು ಹೊಂಟೋಳು, ಬಸ್ ಅತ್ತೋ ಒತ್ಗೆ ಮುದ್ಕಿ ಆಗಿರ್ತೀನಿ. ಅರಳಿಮರವೇ ಸರಿ. ಕಾಗೆ ಅಂದ್ರೆ ಪಿತೃಗಳು, ಅವು ಏನಾದ್ರೂ ಹಾಕುದ್ರೂ ಆಶೀರ್ವಾದವೇ."

"ಹೂಂ."

ಸಂಜೆ ಇಬ್ಬರೂ ಡ್ರೈವರ್ ಸಣ್ಣಮಾದಯ್ಯನ ಮುಂದೆ ಹೋಗಿ ನಿಂತರು. ಸಣ್ಣಮಾದಯ್ಯ ಮೂವತ್ತು ವರ್ಷ ಡೀಸೆಲ್ ಇಂಜಿನ್ ಪಕ್ಕದಲ್ಲಿ ಕೂತು ಕಿವಿ ಅರ್ಧ ಕಳೆದುಕೊಂಡವನು. ಉಳಿದರ್ಧದಲ್ಲಿ ಕಟ್ಟಾ ಕಾಯಿದೆಯ ಮನುಷ್ಯ.

"ಸಾಯೇಬ್ರು ನಿನ್ಗೇನಂದ್ರು?"

"ಹೂಂ ಅಂದ್ರು."

"ನಿನ್ಗವ್ವ?"

"ನನ್ಗೂ ಹೂಂ ಅಂದ್ರು."

ಸಣ್ಣಮಾದಯ್ಯ ಬೀಡಿ ಆರಿಸಿ ಯೋಚಿಸಿದ. "ಹೂಂ ಅಂದ್ಮೇಲೆ ಹೂಂ. ಅಲ್ಲೂ ನಿಲ್ಸ್ತೀನಿ, ಇಲ್ಲೂ ನಿಲ್ಸ್ತೀನಿ."

ಮಾರನೆಯ ದಿನ ಕ್ಯಾಂಟೀನಿನಲ್ಲಿ ಇಡೀ ಮಧ್ಯಾಹ್ನ ಇದೇ ಮಾತು. ಹಳೆಯ ಮ್ಯಾನೇಜರು ನಾಲ್ಕು ವರ್ಷ ಈ ವಿಷಯಕ್ಕೆ ಮೀಟಿಂಗು ಕರೆದು, ನಾಲ್ಕು ವರ್ಷವೂ ಎರಡು ಪಕ್ಷದವರಿಂದ ಬೈಸಿಕೊಂಡಿದ್ದರು. ಈ ಮನುಷ್ಯ ಒಂದು ಅಕ್ಷರದಲ್ಲಿ ಮುಗಿಸಿದರಲ್ಲ ಎಂದು ಅಕೌಂಟ್ಸಿನ ಸಿದ್ದಲಿಂಗಸ್ವಾಮಿ ತಲೆದೂಗಿದ. "ನೋಡ್ರಿ, ಯಾರಿಗೂ ಇಲ್ಲ ಅನ್ಲಿಲ್ಲ. ಎರಡು ಸ್ಟಾಪು, ಎರಡು ಪಕ್ಷ, ಜಗಳ ಇಲ್ಲ. ಸ್ಟೋರ್ಸಲ್ಲಿ ಇಷ್ಟು ವರ್ಷ ಎಂಥಾ ತಲೆ ಕೊಳೀತಿತ್ತು ನೋಡಿ."

ತಾವು ತೀರ್ಮಾನ ಮಾಡಿದ ಸಂಗತಿ ಶಿವರುದ್ರಪ್ಪನವರಿಗೆ ತಿಳಿದದ್ದು, ಸಿದ್ದಲಿಂಗಸ್ವಾಮಿಯೇ ಬಂದು ಅಭಿನಂದಿಸಿದಾಗ. "ಎರಡೂ ಕಡೆ ನಿಲ್ಲಿಸೋ ಐಡಿಯಾ ಹೇಗೆ ಹೊಳೀತು ಸಾರ್?" ಈ ಕ್ಷಣದಲ್ಲಿ ಒಂದು ಮಾತು ಆಡಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಶಿವರುದ್ರಪ್ಪನವರಿಗೆ ಐಡಿಯಾ ಹೇಗೆ ಹೊಳೆಯಿತೆಂದು ಯಾರೂ ಕೇಳಿರಲಿಲ್ಲ. ಅವರು ಕನ್ನಡಕ ತೆಗೆದು, ಒರೆಸಿ, ಗೋಡೆಯ ಸರ್ಟಿಫಿಕೇಟಿನ ಕಡೆ ನೋಡಿ, "ಹೂಂ" ಎಂದರು.

ಅಂದು ಸಂಜೆ ಜಯಲಕ್ಷ್ಮಿಪುರಂನ ಮನೆಯಲ್ಲಿ ಹೆಂಡತಿ ಪಾರ್ವತಮ್ಮನವರಿಗೆ ವಿಷಯ ತಿಳಿಸಿದರು. "ಇವತ್ತು ಆಫೀಸಲ್ಲಿ ಒಂದು ತೀರ್ಮಾನ ಮಾಡಿದೆ ಕಣೇ."

ಪಾರ್ವತಮ್ಮ ಅವರೆಕಾಳು ಹಿಸುಕುತ್ತಿದ್ದರು. "ಯಾರನ್ನ ಕೇಳಿ?"

"ಯಾರನ್ನೂ ಕೇಳಲಿಲ್ಲ. ನಾನೇ."

"ಏನಂದ್ರಿ?"

"ಹೂಂ ಅಂದೆ."

ಪಾರ್ವತಮ್ಮನ ಕೈಯಲ್ಲಿ ಕಾಳು ನಿಂತಿತು. "ಯಾವ ಹೂಂ ರೀ? ನಿಮ್ಮ ಹತ್ರ ನಾಕು ಹೂಂ ಇದಾವೆ. ಪೇಪರ್ ಓದೋವಾಗಿನ ಹೂಂ, ನಿದ್ದೆ ಹೂಂ, ಸುಮ್ನೆ ಬಾಯಿ ಮುಚ್ಚೇ ಅನ್ನೋ ಹೂಂ, ಒಂದು ನಿಜವಾದ ಹೂಂ. ನಿಜವಾದ್ದು ನಾನೇ ಈ ಇಪ್ಪತ್ತಾರು ವರ್ಷದಲ್ಲಿ ಎರಡು ಸಲ ಕೇಳಿದೀನಿ. ಒಂದು ನಮ್ಮಪ್ಪ ಮದುವೆಗೆ ಒಪ್ಪಿಗೆಯಾ ಅಂದಾಗ. ಅದೂ ಈಗೀಗ ಅನುಮಾನ."

ಶಿವರುದ್ರಪ್ಪನವರು ಪೇಪರ್ ಬಿಡಿಸಿ "ಹೂಂ" ಎಂದರು.

ಆ ವಾರದಿಂದ ಮ್ಯಾನೇಜರ ಕೊಠಡಿಯ ಮುಂದೆ ಸಾಲು ಶುರುವಾಯಿತು. ಸಿದ್ದಲಿಂಗಸ್ವಾಮಿಗೆ ಮಠದ ಮುಂದೆ ಒಂದೇ ಒಂದು ನಿಮಿಷ ಬಸ್ಸು ನಿಲ್ಲಬೇಕಿತ್ತು, ಗದ್ದುಗೆಗೆ ಕೈಮುಗಿದು ಓಡಿ ಬರುವಷ್ಟು. ಹೂಂ. ಮಠದಲ್ಲಿ ಆ ಹೊತ್ತಿಗೆ ಬಿಸಿ ಪ್ರಸಾದ ಹಂಚುತ್ತಿದ್ದುದರಿಂದ ಒಂದು ನಿಮಿಷ ಹನ್ನೆರಡಾಯಿತು. ಬಿಸಿಯನ್ನು ಆರಿಸದೆ ತಿನ್ನಲು ಬರುವುದಿಲ್ಲ, ಪ್ರಸಾದವನ್ನು ಚೆಲ್ಲಲು ಬರುವುದಿಲ್ಲ. ಅವರಿಗೆ ಮಠ ಆದಮೇಲೆ ನಮಗೆ ಮಾರಮ್ಮನ ಗುಡಿ ಬೇಡವೇ ಎಂದು ನಂಜುಂಡಸ್ವಾಮಿಯ ಕಡೆಯವರು ಬಂದರು. ಹೂಂ. ಪಡುವಾರಹಳ್ಳಿಯಲ್ಲಿ ಹಾಲಿನ ಬೂತು, ಗೋಕುಲಂನಲ್ಲಿ ಒಬ್ಬಾಕೆಯ ನಾದಿನಿಗೆ ಬುತ್ತಿ ಮುಟ್ಟಿಸುವುದು, ಇನ್ನೊಬ್ಬಾಕೆ ಮಗಳನ್ನು ಟ್ಯೂಷನ್ನಿಗೆ ಇಳಿಸುವುದು, ಮಂಚೇಗೌಡನ ಕೊಪ್ಪಲಿನಲ್ಲಿ ಒಬ್ಬನ ಎಮ್ಮೆಗೆ ಹುಲ್ಲಿನ ಹೊರೆ ಹಾಕಿಕೊಳ್ಳುವುದು. ಹೂಂ, ಹೂಂ, ಹೂಂ, ಹೂಂ. ಸಣ್ಣಮಾದಯ್ಯ ನಲವತ್ತು ಹಾಳೆಯ ನೋಟ್‌ಬುಕ್ಕು ತಂದು, ತಾರೀಖು, ಸ್ಟಾಪು, ಕೇಳಿದವರ ಹೆಸರು, ಎದುರಿಗೆ 'ಸಾಹೇಬರು ಹೂಂ' ಎಂದು ಬರೆದಿಡತೊಡಗಿದ.

ಕಾರ್ಖಾನೆಗೆ ಸಂಬಂಧವೇ ಇಲ್ಲದ ದೊರೆಸ್ವಾಮಿಯವರೂ ಬಿಡಲಿಲ್ಲ. ಅವರು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು. ಭಾನುವಾರ ಕಾಂಪೌಂಡಿನ ಮೇಲೆ ಮೊಳಕೈ ಊರಿ ಹಿಡಿದರು.

"ಶಿವರುದ್ರಪ್ಪ, ಡಾಕ್ಟರು ದಿನಾ ಚೆಲುವಾಂಬ ಪಾರ್ಕಿನಲ್ಲಿ ನಡೀರಿ ಅಂದಿದಾರೆ. ಪಾರ್ಕಿನವರೆಗೆ ನಡೆದು ಹೋದರೆ ಅಲ್ಲಿ ನಡೆಯೋದಕ್ಕೆ ಶಕ್ತಿ ಇರೋದಿಲ್ಲ."

"ಹೂಂ."

"ನಿಮ್ಮ ಬಸ್ಸು ಹೇಗೂ ಹೋಗುತ್ತೆ. ನಾನು ಹೇಗೂ ಹೋಗಬೇಕು. ನಾನು ನಾಲ್ಕು ಸುತ್ತು ಮುಗಿಸೋವರೆಗೂ ಅದು ನಿಂತರೆ ಮುಂದೆ ಕೆಆರ್‌ಎಸ್ ರಸ್ತೆಯಲ್ಲಿ ನನ್ನ ತಂಗಿ ಮನೆ."

"ಹೂಂ."

ಮಾರ್ಚಿಯ ಕೊನೆಗೆ ಸ್ಟಾಪುಗಳು ಹತ್ತೊಂಬತ್ತಾದವು. ಆರೂಕಾಲಿಗೆ ಜಯಲಕ್ಷ್ಮಿಪುರಂ ಬಿಟ್ಟು ಮೊದಲೆಲ್ಲ ಆರೂ ಮುಕ್ಕಾಲಿಗೆ ಮೇಟಗಳ್ಳಿ ಮುಟ್ಟುತ್ತಿದ್ದ ಬಸ್ಸು ಈಗ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಮುಟ್ಟುತ್ತಿತ್ತು. ಸಂಜೆ ವಾಪಸ್ಸು ಬರುವಾಗ ಮಾತ್ರ ಯಾರಿಗೂ ಯಾವ ಸ್ಟಾಪೂ ಬೇಕಾಗಿರಲಿಲ್ಲ. ಅರ್ಧ ಗಂಟೆಯಲ್ಲಿ ಮನೆ. ಶಿವರುದ್ರಪ್ಪನವರಿಗೆ ಇದರ ಬಿಸಿ ತಕ್ಷಣ ತಟ್ಟಲಿಲ್ಲ. ಮ್ಯಾನೇಜರಾದವನು ನೌಕರರ ಬಸ್ಸಿನಲ್ಲಿ ಬರಬಾರದೆಂದು ಅವರು ಸ್ಕೂಟರಿನಲ್ಲಿ ಬರುತ್ತಿದ್ದರು. ಏಳಕ್ಕೆ ಸೈರನ್ ಕೂಗುತ್ತಿತ್ತು, ಕಾರ್ಖಾನೆಯೊಳಗೆ ಅವರು, ವಾಚ್‌ಮನ್ನು ಮತ್ತು ಸ್ಕೂಟರು ಇರುತ್ತಿದ್ದರು. ಆ ವರ್ಷ ಆ ಕಡೆ ದಿನಾ ಏಳರ ಸೈರನ್ ಕೂಗಿದ ಬೆನ್ನಿಗೇ ಕರೆಂಟೂ ಹೋಗಿ ಒಂಬತ್ತಕ್ಕೆ ಬರುತ್ತಿತ್ತು. ಕತ್ತಲು ಕತ್ತಲಾದ ಶೆಡ್ಡಿನಲ್ಲಿ ಅವರು ಎರಡು ಗಂಟೆ ಕಾಲ ಯಾರದಾದರೂ ಮಾತು ಕೇಳಿಸಿಕೊಳ್ಳಲು ಸಿದ್ಧರಾಗಿ ಕೂರುತ್ತಿದ್ದರು.

ಏಪ್ರಿಲ್ ಮೊದಲ ದಿನ ಚೆಲುವರಾಜು ಹಾಜರಿ ಪುಸ್ತಕ ಹಿಡಿದು ಬಂದ. ಐವತ್ತನಾಲ್ಕು ಜನ, ಐವತ್ತನಾಲ್ಕು ಕೆಂಪು ಗೆರೆ, ಪ್ರತಿದಿನ.

"ಡೈರೆಕ್ಟರು ಮೊದಲು ಕೇಳೋದೇ ಇದನ್ನ ಸಾರ್," ಎಂದ, ದುಃಖದಿಂದ. "ಎಲ್ಲರೂ ಲೇಟು. ಹದಿನಾಲ್ಕು ವರ್ಷದಲ್ಲಿ ಹೀಗಾಗಿಲ್ಲ. ಸ್ಟೋರ್ಸಲ್ಲಿ ನಿಮ್ಮ ಹಳೇ ಮೇಜು ಒರೆಸಿ ಇಡ್ಸಿದೀನಿ, ಹಂಗೇ ಸುಮ್ನೆ."

"ಹೂಂ," ಎಂದರು ಶಿವರುದ್ರಪ್ಪನವರು.

ಚೆಲುವರಾಜು ಬಾಗಿಲವರೆಗೆ ಹೋಗಿ ತಿರುಗಿದ. ಸೈರನ್ನಿನ ಸ್ವಿಚ್ಚು ಇದ್ದದ್ದು ಸ್ಟೋರ್ಸಿನ ಗೋಡೆಯಲ್ಲಿ. ಈ ಮನುಷ್ಯ ಗುಂಡಿಗೆ ಬೀಳುವುದಾದರೆ ಅಳತೆಗೆ ಸರಿಯಾದ ಗುಂಡಿಯೇ ಇರಲೆಂದು ಅವನಿಗೆ ಅನ್ನಿಸಿರಬೇಕು. "ಅಲ್ಲ ಸಾರ್, ಬಸ್ಸು ಸೈರನ್ನಿಗೆ ಬರಲ್ಲ ಅಂದ್ರೆ, ಸೈರನ್ನೇ ಬಸ್ಸಿಗೆ ಬಂದ್ರೆ? ಒಂಬತ್ತಕ್ಕೆ ಕೂಗಿಸಿಬಿಟ್ರೆ ಒಬ್ಬನೂ ಲೇಟಿಲ್ಲ. ಕೂಗಿಸ್ಲಾ?"

"ಹೂಂ."

ಮಾರನೆಯ ದಿನ ಏಳಕ್ಕೆ ಮೇಟಗಳ್ಳಿಯಲ್ಲಿ ಸೈರನ್ ಕೂಗಲಿಲ್ಲ. ಹದಿನಾಲ್ಕು ವರ್ಷದಿಂದ ಗಡಿಯಾರ ನೋಡುವುದನ್ನೇ ಬಿಟ್ಟಿದ್ದ ಕಾರ್ಖಾನೆಯ ಹಿಂದಿನ ಬೀದಿ ಅಂದು ಏಳಲೂ ಇಲ್ಲ. ಒಂಬತ್ತಕ್ಕೆ ಸೈರನ್ ಕೂಗಿದಾಗ ಇಡೀ ಬೀದಿ ಏಳು ಗಂಟೆಯೆಂದುಕೊಂಡು ಎದ್ದು, ಆಕಳಿಸಿ, ಹಲ್ಲುಜ್ಜಲು ಕೂತಿತು. ಗಂಡಸರು ಹೆಬ್ಬಾಳದ ಕಾರ್ಖಾನೆಗಳಿಗೆ ಎರಡು ಗಂಟೆ ತಡವಾಗಿ ಹೋಗಿ, ಸೈರನ್ ತಡವಾಯಿತು ಎಂಬ ಕಾರಣ ಕೊಟ್ಟರು. ಅದನ್ನು ಯಾವ ಸೂಪರ್‌ವೈಸರೂ ಒಪ್ಪಲಿಲ್ಲ.

ಆ ಸಂಜೆ ಶಿವರುದ್ರಪ್ಪನವರು ಪಾರ್ವತಮ್ಮನ ಮುಂದೆ ಎಲ್ಲವನ್ನೂ ಒಪ್ಪಿಸಿದರು. ಪಾರ್ವತಮ್ಮ ಪೂರ್ತಿ ಕೇಳಿದರು, ನಡುವೆ ಒಂದು ಸಲವೂ ಹೂಂ ಅನ್ನಲಿಲ್ಲ.

"ರೀ, ಇಷ್ಟೇ. ನಾಳೆಯಿಂದ ಯಾರು ಏನು ಕೇಳಿದ್ರೂ ಊಹೂಂ ಅನ್ನಿ. ಹೂಂಗೂ ಊಹೂಂಗೂ ಒಂದೇ ಅಕ್ಷರ ವ್ಯತ್ಯಾಸ. ಅಷ್ಟು ಕಷ್ಟ ಏನಿಲ್ಲ."

ಕಷ್ಟವಿದ್ದದ್ದು ಆ ಒಂದು ಅಕ್ಷರದಲ್ಲೇ. ಬೆಳಿಗ್ಗೆ ಮೊದಲು ಬಂದವನು ಸಣ್ಣಮಾದಯ್ಯ. "ಸಾ, ಬಸ್ಗೆ ನೀರ್ ಆಕ್ಬೇಕು. ನಮ್ ಬಾಮೈದನ ಮನೆ ಹೆಬ್ಬಾಳ್ದಲ್ಲಿ ಅದೆ. ಸಂಜೆ ಒಸಿ ಆ ಕಡೆ ತಿರುಗಿಸ್ಲಾ?"

ಶಿವರುದ್ರಪ್ಪನವರು ಉಸಿರೆಳೆದುಕೊಂಡು, ಸ್ಪಷ್ಟವಾಗಿ, "ಊಹೂಂ" ಎಂದರು.

ಮೂವತ್ತು ವರ್ಷದ ಡೀಸೆಲ್ಲು 'ಊ' ಅನ್ನು ನುಂಗಿತು. "ಅದೇ ಸಾ, ನೀವು ಹೂಂ ಅಂತೀರ ಅಂತ ಗೊತ್ತಿತ್ತು," ಎಂದು ಸಣ್ಣಮಾದಯ್ಯ ನೋಟ್‌ಬುಕ್ಕು ತೆರೆದ.

ಇನ್ನು ಬಾಯನ್ನೇ ತೆರೆಯುವುದಿಲ್ಲವೆಂದು ಶಿವರುದ್ರಪ್ಪನವರು ನಿಶ್ಚಯಿಸಿದರು. ಹತ್ತು ಗಂಟೆಗೆ ಹಿಂದಿನ ಬೀದಿಯ ಮಾದೇವಮ್ಮ ಹನ್ನೊಂದು ಜನ ಹೆಂಗಸರೊಂದಿಗೆ ಬಂದಳು. ಗೇಟಿನ ಎದುರು ಟೀ ಅಂಗಡಿ ಇಟ್ಟವಳು. ಅವಳ ದನಿಗೆ ಸೈರನ್ನಿನ ಅಗತ್ಯವಿರಲಿಲ್ಲ.

"ಏನ್ ಸ್ವಾಮಿ, ನಿಮ್ ಸೈರನ್ ನಂಬ್ಕಂಡು ನಾವು ಒಲೆ ಅಚ್ತೀವಿ. ಹಾಲ್ ಒಡ್ದೋಯ್ತು, ಗಂಡುಸ್ರು ಡೂಟಿಗೆ ಓಗ್ಲಿಲ್ಲ. ಈ ಬೆಟ್ಟಮ್ಮನ ಸೊಸೆಗೆ ನಾಮಕರಣದ ಮೂರ್ತ ತಪ್ಪೋಯ್ತು. ನಿಮ್ ಕೆಲಸಕ್ಕೆ ಒಂಬತ್ತಕ್ಕೆ ಕೂಗಿಸ್ಕಳಿ, ಬ್ಯಾಡ ಅನ್ನಾಕಿಲ್ಲ. ನಮ್ಗೆ ಏಳ್ಗಂಟೆದು ಬೇರೆ ಕೂಗಿಸ್ಬುಡಿ. ಏನಂತೀರಿ?"

ಶಿವರುದ್ರಪ್ಪನವರು ತುಟಿ ಬಿಗಿಹಿಡಿದು ಕೂತರು. ಒಂದು ನಿಮಿಷವಾಯಿತು. ಎರಡಾಯಿತು. ಕೊಠಡಿಯಲ್ಲಿ ಫ್ಯಾನಿನ ಸದ್ದು ಮಾತ್ರ.

ಕೊನೆಗೆ ಬೆಟ್ಟಮ್ಮ ಎಂಬಾಕೆ, "ಮಾತೇ ಆಡ್ನಿಲ್ವಲ್ಲ" ಎಂದಳು.

"ಆಡ್ನಿಲ್ಲ ಅಂದ್ರೆ ಒಪ್ಕಂಡ್ರು ಅಂತ್ಲೇ ಕನಮ್ಮಿ," ಎಂದಳು ಮಾದೇವಮ್ಮ. "ಮದ್ವೇಲಿ ಹೆಣ್ಣು ಬಾಯ್ಬಿಟ್ಟು ಹೇಳ್ತದಾ? ದೊಡ್ಡ ಮನ್ಸ. ನಡೀರಿ."

ಮಧ್ಯಾಹ್ನ ಪಕ್ಕದ ಪ್ರೈಮರಿ ಶಾಲೆಯ ಹೆಡ್‌ಮಿಸ್ಟ್ರೆಸ್ ಹೇಮಶ್ರೀಯವರು ಬಂದರು. ಶಾಲೆಯ ಗಂಟೆ ಕಳುವಾಗಿ ಒಂದು ವರ್ಷವಾಗಿದೆ, ಹೇಗೂ ಸೈರನ್ ಇನ್ನು ಮೇಲೆ ಎರಡು ಸಲ ಕೂಗುತ್ತದಂತೆ, ಹತ್ತಕ್ಕೆ ಪ್ರಾರ್ಥನೆಗೊಂದು ಕೂಗಿಸಿದರೆ ಮಕ್ಕಳ ಪುಣ್ಯ ಬರುತ್ತದೆ ಎಂದರು. ಶಿವರುದ್ರಪ್ಪನವರು ಬಾಯಿಯನ್ನೂ ನಂಬಲಿಲ್ಲ, ಮೌನವನ್ನೂ ನಂಬಲಿಲ್ಲ. ತಲೆಯನ್ನು ಎಡಕ್ಕೂ ಬಲಕ್ಕೂ ಚೆನ್ನಾಗಿ ಅಲ್ಲಾಡಿಸಿದರು. ಮೈಸೂರಿನಲ್ಲಿ ಹಾಗೆ ತಲೆಯಾಡಿಸುವುದಕ್ಕೆ ಎಷ್ಟು ಅರ್ಥಗಳಿವೆಯೆಂದು ಹೇಳಬೇಕಾಗಿಲ್ಲ. ಹೆಡ್‌ಮಿಸ್ಟ್ರೆಸ್ಸು ತಮಗೆ ಬೇಕಾದ್ದನ್ನು ಆರಿಸಿಕೊಂಡು ವಂದನೆ ಹೇಳಿದರು.

ಉಳಿದದ್ದು ಬರವಣಿಗೆ. ಅವರು ಸ್ವಹಸ್ತದಿಂದ 'ಇನ್ನು ಮುಂದೆ ಯಾವುದೇ ಹೊಸ ಸ್ಟಾಪಿಗೆ ಅವಕಾಶವಿಲ್ಲ' ಎಂದು ಬರೆದು, ಮೊಹರು ಒತ್ತಿ, ಬಸ್ಸಿನಲ್ಲಿ ಅಂಟಿಸಿದರು. ಬಸ್ಸಿನಲ್ಲಿ ಅಂದು ಹಬ್ಬ. ಪುಟ್ಟತಾಯಮ್ಮ ಎಲ್ಲರಿಗೂ ಕಡ್ಲೆಪುರಿ ಹಂಚಿದಳು. ಹೊಸದಕ್ಕೆ ಅವಕಾಶವಿಲ್ಲ ಎಂದರೆ ಹಳೆಯ ಹತ್ತೊಂಬತ್ತು ಖಾಯಂ ಆದವೆಂದು ಸಣ್ಣಮಾದಯ್ಯ ವಿವರಿಸಿದ್ದ. ಮೊಹರು ಬೇರೆ ಬಿದ್ದಿದೆ.

ಮೇ ಹನ್ನೆರಡರಂದು ಡೈರೆಕ್ಟರು ಬಂದರು. ಹಿಂದಿನ ರಾತ್ರಿ ಬಂದು ಯಾದವಗಿರಿಯ ಹೋಟೆಲಿನಲ್ಲಿ ಇಳಿದಿದ್ದರು. ಬೆಳಿಗ್ಗೆ ಆರೂವರೆಗೆ ಜೀಪು ಹೋಗಬೇಕಿತ್ತು. ಆರು ಗಂಟೆಗೆ ಸಣ್ಣಮಾದಯ್ಯ ಮನೆಗೆ ಫೋನು ಮಾಡಿದ. ಜೀಪಿನ ಬ್ಯಾಟರಿ ಸತ್ತಿದೆ, ಬಸ್ಸು ಹೇಗೂ ಆ ಕಡೆ ಹೋಗುತ್ತದೆ, ಹೊಸ ಸ್ಟಾಪಿಗೆ ಅವಕಾಶವಿಲ್ಲ ನಿಜ, ಆದರೆ ಡೈರೆಕ್ಟರಿಗೆ ಇಪ್ಪತ್ತನೆಯದೊಂದು ಮಾಡಲೇ ಎಂದು ಕೇಳಿದ. ಶಿವರುದ್ರಪ್ಪನವರು ಇನ್ನೊಂದು ಕೈಯಲ್ಲಿ ಚೀಟಿ ಹಿಡಿದು ಡೈರೆಕ್ಟರಿಗೆ ಹೇಳಬೇಕಾದ ಇಂಗ್ಲಿಷ್ ಸ್ವಾಗತದ ಮಾತುಗಳನ್ನು ಉರುಹೊಡೆಯುತ್ತಿದ್ದರು. ಅವರು ಏನಂದರೆಂಬುದನ್ನು ಬರೆಯಬೇಕಾಗಿಲ್ಲ.

ಆರೂ ಮುಕ್ಕಾಲಿನಿಂದ ಅವರು ಗೇಟಿನಲ್ಲಿ ಸುಗಂಧರಾಜದ ಹಾರ ಹಿಡಿದು ನಿಂತರು. ಏಳಕ್ಕೆ ಮಾದೇವಮ್ಮನ ಸೈರನ್ ಕೂಗಿತು. ಎಂಟಾಯಿತು. ಹಾ­ರ ಬಾಡಿತು. ಅಂದು ಬಸ್ಸು ಬಿಟ್ಟು ಬೇಗನೇ ಬಂದಿದ್ದ ಚೆಲುವರಾಜು ಹೊರಗೆ ಬಂದು ಅವರ ಪಕ್ಕದಲ್ಲಿ ನಿಂತು, "ಎರಡು ಟೀ ಹೇಳಿ ಬರ್ತೀರಾ, ಮಾದೇವಮ್ಮನ ಹತ್ರ? ಅಭ್ಯಾಸ ಆಗಲಿ ಅಂತ" ಎಂದ. ಸಾರ್ ಎನ್ನುವುದನ್ನು ಅವನು ಆಗಲೇ ಬಿಟ್ಟಿದ್ದ.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಬಸ್ಸು ಬಂತು. ಮೊದಲು ಹುಲ್ಲಿನ ಹೊರೆ ಇಳಿಯಿತು, ಅದರ ಹಿಂದೆ ಡೈರೆಕ್ಟರು ಇಳಿದರು. ಹಣೆಯ ತುಂಬ ಮಠದ ವಿಭೂತಿ, ಅದರ ನಡುವೆ ಮಾರಮ್ಮನ ಕುಂಕುಮ. ಕೋಟಿನ ಬಲಭುಜದ ಮೇಲೆ ಮಿಲ್ಲಿನ ಹಿಟ್ಟು, ಎಡಭುಜದ ಮೇಲೆ ಅರಳಿಮರದ ಪಿತೃಗಳ ಆಶೀರ್ವಾದ. ಕೈಯಲ್ಲಿ ದೊನ್ನೆ. ದೊರೆಸ್ವಾಮಿಯವರು ಪಾರ್ಕಿನಲ್ಲಿ ಅವರನ್ನೂ ನಾಲ್ಕು ಸುತ್ತು ನಡೆಸಿದ್ದರಿಂದ ಸ್ವಲ್ಪ ಕುಂಟುತ್ತಿದ್ದರು. ಶಿವರುದ್ರಪ್ಪನವರು ಬಾಡಿದ ಹಾರವನ್ನು ಎರಡು ಭುಜಗಳೂ ಮುಚ್ಚುವಂತೆ ಹಾಕಿದರು. ಇಂಗ್ಲಿಷ್ ಮಾತುಗಳು ಒಂದೂ ನೆನಪಾಗಲಿಲ್ಲ.

ಡೈರೆಕ್ಟರು ನೇರವಾಗಿ ಒಳಗೆ ಹೋಗಿ ಹಾಜರಿ ಪುಸ್ತಕ ಕೇಳಿದರು. ಚೆಲುವರಾಜು ಓಡಿ ತಂದ, ತೆರೆದು ಇಟ್ಟ, ತಾನೂ ಬಗ್ಗಿ ನಿಂತ. ಏಪ್ರಿಲ್ ಎರಡರಿಂದ ಮೇ ಹನ್ನೊಂದರವರೆಗೆ ಐವತ್ತನಾಲ್ಕು ಜನರಲ್ಲಿ ಒಬ್ಬನೂ ಒಂದು ದಿನವೂ ತಡವಾಗಿ ಬಂದಿರಲಿಲ್ಲ. ಡೈರೆಕ್ಟರು ಕನ್ನಡಕ ಮೇಲಕ್ಕೆತ್ತಿ ಇನ್ನೊಂದು ಪುಸ್ತಕ ಕೇಳಿದರು, ಯಂತ್ರಗಳು ಸುಮ್ಮನೆ ನಿಂತ ಹೊತ್ತಿನದು. ಫೆಬ್ರುವರಿಯಲ್ಲಿ ದಿನಕ್ಕೆ ಎರಡು ಗಂಟೆ. ಮಾರ್ಚಿಯಲ್ಲಿ ಎರಡು ಗಂಟೆ. ಏಪ್ರಿಲ್ ಎರಡರಿಂದ ಸೊನ್ನೆ. ಅಷ್ಟರಲ್ಲಿ ಸರಿಯಾಗಿ ಒಂಬತ್ತಾಯಿತು, ಕರೆಂಟು ಬಂತು, ಸೈರನ್ ಕೂಗಿತು, ಮೇಲಿನ ಫ್ಯಾನು ತಿರುಗಿತು, ಶೆಡ್ಡಿನಲ್ಲಿ ಐವತ್ತನಾಲ್ಕು ಜನ ಏಕಕಾಲಕ್ಕೆ ಕೆಲಸ ಶುರುಮಾಡಿದರು.

ಕರೆಂಟು ಇಲ್ಲದ ಹೊತ್ತಿನಲ್ಲಿ ಜನರನ್ನು ಕರೆಸಿ ಕೂರಿಸಬಾರದು, ಬಂದಮೇಲೆ ಕರೆಸಬೇಕು ಎಂಬುದನ್ನು ಯೋಚಿಸಲು ಪುಣೆಯಲ್ಲಿ ಒಂದು ಸಮಿತಿ ಕೂತು ಒಂದೂವರೆ ವರ್ಷವಾಗಿತ್ತು. ಸಮಿತಿ ಇನ್ನೂ ಎದ್ದಿರಲಿಲ್ಲ.

ಡೈರೆಕ್ಟರು ನಿಧಾನವಾಗಿ ಪುಸ್ತಕ ಮುಚ್ಚಿದರು. "ಇದನ್ನು ನೀವೊಬ್ಬರೇ ತೀರ್ಮಾನ ಮಾಡಿದಿರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಹೂಂ," ಎಂದರು ಶಿವರುದ್ರಪ್ಪನವರು, ಅಭ್ಯಾಸಬಲದಿಂದ. ಆಮೇಲೆ ಆತ್ಮಸಾಕ್ಷಿ ಚುಚ್ಚಿ, "ನಾನೇನೂ ಮಾಡಲಿಲ್ಲ ಸಾರ್, ಕೇಳಿಸಿಕೊಂಡೆ ಅಷ್ಟೆ" ಎಂದು ಇಂಗ್ಲಿಷಿನಲ್ಲಿಯೇ ಸೇರಿಸಿದರು. ಅವರು ಅಂದು ಆಡಿದ ಒಂದೇ ಒಂದು ಪೂರ್ತಿ ಸತ್ಯ ಅದು. ಡೈರೆಕ್ಟರು ಗೋಡೆಯ ಮೇಲಿನ ಸರ್ಟಿಫಿಕೇಟನ್ನೂ ಅದರ ಕೆಳಗಿದ್ದ ಮನುಷ್ಯನನ್ನೂ ಒಂದಾದ ಮೇಲೊಂದರಂತೆ ನೋಡಿ, ಜೇಬಿನಿಂದ ಪೆನ್ನು ತೆಗೆದರು. ಚೆಲುವರಾಜು ಬಗ್ಗಿದ ಭಂಗಿಯಲ್ಲೇ ಹಿಂದಕ್ಕೆ ನಡೆದು ಬಾಗಿಲು ಸೇರಿ, "ಸಾರ್, ಟೀ ಹೇಳ್ಲಾ?" ಎಂದ.

ಆಮೇಲೆ ಡೈರೆಕ್ಟರು ಮುಕ್ಕಾಲು ಗಂಟೆ ಮಾತಾಡಿದರು. ಕಂಸ ಇಂದಿನಿಂದಲೇ ಇಲ್ಲ ಎಂದರು. ಹೂಂ. ನಮ್ಮ ಕಂಪನಿಯಲ್ಲಿ ಮಾತಾಡುವ ಮ್ಯಾನೇಜರು ಬಹಳ, ಕೇಳಿಸಿಕೊಳ್ಳುವವರು ಇಲ್ಲ ಎಂದರು. ಹೂಂ. ನಾಗಪುರದಲ್ಲಿ ನಮ್ಮದೊಂದು ಕಾರ್ಖಾನೆಯಿದೆ, ಮೂರು ವರ್ಷದಲ್ಲಿ ನಾಲ್ಕು ಮ್ಯಾನೇಜರು ಓಡಿಹೋದರು ಎಂದರು. ಹೂಂ. ಬೇಸಿಗೆಯಲ್ಲಿ ಅಲ್ಲಿ ನಲವತ್ತೇಳು ಡಿಗ್ರಿ ಬಿಸಿಲು, ಮೂರು ಕಾರ್ಮಿಕ ಸಂಘಗಳಿವೆ, ಮೂರಕ್ಕೂ ಒಂದಕ್ಕೊಂದು ಆಗುವುದಿಲ್ಲ ಎಂದರು. ಹೂಂ, ಎಂದರು ಶಿವರುದ್ರಪ್ಪನವರು, ಬೇರೆಯವರ ಕಷ್ಟ ಕೇಳುವಾಗಿನ ನಿಜವಾದ ಮರುಕದಿಂದ.

"ಹಾಗಾದರೆ ಜೂನ್ ಎರಡಕ್ಕೆ ನೀವು ನಾಗಪುರಕ್ಕೆ ಹೊರಡುತ್ತೀರಿ, ಅಲ್ಲವೇ?"

ಶಿವರುದ್ರಪ್ಪನವರು ಐವತ್ತೊಂದು ವರ್ಷದಲ್ಲಿ ಶ್ರೀರಂಗಪಟ್ಟಣ ದಾಟಿದಾಗಲೆಲ್ಲ ಅವರಿಗೆ ನೀರು ಒಗ್ಗದೆ ನೆಗಡಿಯಾಗಿತ್ತು. ಅವರು ಕುರ್ಚಿಯಿಂದ ಅರ್ಧ ಎದ್ದು, ಮೇಜು ಹಿಡಿದು, ಪಾರ್ವತಮ್ಮ ಹೇಳಿಕೊಟ್ಟಂತೆ ಆ ಒಂದು ಅಕ್ಷರಕ್ಕೆ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ, "ಊಹೂಂ" ಎಂದರು. ಆಗ ಸರಿಯಾಗಿ ಹತ್ತು ಗಂಟೆ. ಶಾಲೆಗೆ ಬೇಸಿಗೆ ರಜೆ ಬಂದರೂ ನಿಲ್ಲಿಸೆಂದು ಯಾರೂ ಹೇಳದಿದ್ದ ಪ್ರಾರ್ಥನೆಯ ಸೈರನ್ ಕೂಗಿ, 'ಊ' ಮುಗಿಯುವವರೆಗೂ ಕೂಗಿ, ನಿಂತಿತು.

ಡೈರೆಕ್ಟರು ಮರಾಠಿಯವರು. ಮೈಸೂರಿಗೆ ಬಂದಾಗಿನಿಂದ ಅವರಿಗೆ ಅರ್ಥವಾದ ಕನ್ನಡವೆಂದರೆ ಸೈರನ್ನು ಉಳಿಸಿದ ಆ 'ಹೂಂ' ಒಂದೇ. ಕೈಕುಲುಕಿದರು.

ಮನೆಯಲ್ಲಿ ಪಾರ್ವತಮ್ಮ ವಿಷಯ ಕೇಳಿ ಅಟ್ಟದಿಂದ ಟ್ರಂಕು ಇಳಿಸಿದರು. ಆಮೇಲೆ, "ಊಹೂಂ ಅನ್ನಬೇಕಾಗಿತ್ತು ಕಣ್ರೀ" ಎಂದರು.

"ಅಂದೆ ಕಣೇ."

ಜೂನ್ ಎರಡನೆಯ ತಾರೀಖು ಶಿವರುದ್ರಪ್ಪನವರು ನಾಗಪುರದಲ್ಲಿ ಕೆಲಸಕ್ಕೆ ಹಾಜರಾದರು. ಮೇಟಗಳ್ಳಿಗೆ ಚೆಲುವರಾಜು ಮ್ಯಾನೇಜರಾದ, ಪ್ರಭಾರ.